ಲುಪೆಯ ಮರೆಗುಳಿ

ಲುಪೆಯನ್ನು ಮಣ್ಣು ಮಾಡಿದ ದಿನ ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಮಾತು: ಎದೆಯಲ್ಲಿ ಅಷ್ಟು ದೊಡ್ಡ ಗಂಟಿದ್ದದ್ದು ಯಾರಿಗೂ ಗೊತ್ತಿರಲಿಲ್ಲವಲ್ಲ! ನುಕುಅಲೋಫಾದಂಥ ಪುಟ್ಟ ದ್ವೀಪದ ಊರಿನಲ್ಲಿ, ಬೆಳಗ್ಗೆ ಒಬ್ಬರು ಸೀನಿದರೆ ಸಂಜೆ ಪಾದ್ರಿ ಹೆಸರು ಹಿಡಿದು ಪ್ರಾರ್ಥನೆ ಮಾಡುವ ಊರಿನಲ್ಲಿ, ಒಬ್ಬ ಹೆಂಗಸು ವರ್ಷವಿಡೀ ಗುಟ್ಟು ಕಾಯ್ದುಕೊಂಡಳೆಂದರೆ ಅದೇನು ಸಾಮಾನ್ಯವೇ? ನನಗಂತೂ ಅಳುವಿಗಿಂತ ಮೊದಲು ಸಿಟ್ಟು ಬಂತು. ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಚಾಪೆ ಹೆಣೆದವಳು ನಾನು.

ಲುಪೆಗೆ ಮದುವೆಯಾಗಿರಲಿಲ್ಲ. ತಮ್ಮ ಸೊಸಾಯನ ಜೊತೆ ಒಂದೇ ಮನೆಯಲ್ಲಿದ್ದಳು. ಸೊಸಾಯ ನನ್ನ ಗಂಡನ ಚಿಕ್ಕಪ್ಪನ ಮಗ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ಕಟ್ಟೆಯಲ್ಲಿ ಕೆಲಸ. ಒಂದೇ ಮನೆಯೆಂದರೆ ಒಂದೇ ಸೂರು, ಅಷ್ಟೇ. ಅವನು ಮುಂದಿನ ಕೋಣೆಗೆ ಬಂದರೆ ಇವಳು ಹಿತ್ತಲಿಗೆ. ಒಟ್ಟಿಗೆ ಕೂತು ಟಿವಿ ನೋಡಿದವರಲ್ಲ. ಅಕ್ಕ-ತಮ್ಮ ಎಂದಮೇಲೆ ಹಾಗೇ ಇರಬೇಕು. ಅಕ್ಕನ ಮೈಯ ಸಂಗತಿ ತಮ್ಮನ ಕಿವಿಗೆ ಬೀಳಲೇಬಾರದು. ಆದರೆ ಆಕ್ಲೆಂಡಿನ ದೊಡ್ಡಮ್ಮ ಕಳಿಸಿದ ಲ್ಯಾಪ್‌ಟಾಪ್ ಮಾತ್ರ ಇಬ್ಬರಿಗೂ ಒಂದೇ. ಅವನು ಕೆಲಸಕ್ಕೆ ಹೋದಮೇಲೆ ಅವಳು ಅದರ ಮುಂದೆ ಕೂರುತ್ತಿದ್ದಳು.

ಕಳೆದ ವರ್ಷ ಚಂಡಮಾರುತದ ಸುದ್ದಿ ಬಂತು. ಹವಾಮಾನ ಹುಡುಕೋಣವೆಂದು ಸೊಸಾಯ ಒಂದಕ್ಷರ ಒತ್ತಿದನಂತೆ. ಲುಪೆ ಹುಡುಕಿದ್ದೆಲ್ಲ ಅದರ ಕೆಳಗೆ ಸಾಲಾಗಿ ಇಳಿಯಿತು. ಅವನು ಊಟದ ತಟ್ಟೆ ಬಿಟ್ಟು ಎದ್ದುಹೋದ. ಬಿರುಗಾಳಿ ಬಂದು ಹೋದಮೇಲೂ ಮನೆಗೆ ಬರದೆ ಹಡಗುಕಟ್ಟೆಯ ಶೆಡ್ಡಿನಲ್ಲೇ ಮಲಗಿದ.

"ಹೆಂಗಸರ ವಿಷ್ಯ ಏನೋ ಹುಡುಕಿದ್ದೆ ಕಣ್ರೇ. ಅವನ ಕಣ್ಣಿಗೆ ಬಿತ್ತು," ಎಂದಳು ಲುಪೆ, ಹೆಣೆಯುತ್ತಿದ್ದ ಚಾಪೆಯಿಂದ ತಲೆ ಎತ್ತದೆ.

"ಅದ್ಯಾವ ವಿಷ್ಯವೇ? ಗಂಡು ಹುಡುಕಿದ್ಯಾ?" ಚಾಪೆ ಹೆಣೆಯುವ ನಮ್ಮ ಗುಂಪಿನಲ್ಲಿ ಹಿರಿಯಳಾದ ಅಕನೇಸಿಗೆ ನಾಲಿಗೆ ಸುಮ್ಮನಿರುವುದಿಲ್ಲ.

"ಗಂಡು ಹುಡುಕೋದಾಗಿದ್ರೆ ಮೊದ್ಲು ನಿನ್ನ ಗಂಡನ್ನ ಹುಡುಕಿಕೊಡ್ತಿದ್ದೆ ಅಕನೇಸಿ. ಮನೆಗೆ ಬಂದು ಮೂರು ದಿನ ಆಯ್ತಂತಲ್ಲ!"

ನಾವೆಲ್ಲ ಬಿದ್ದುಬಿದ್ದು ನಕ್ಕೆವು. ಆ ನಗುವಿನಲ್ಲಿ ಯಾವ ವಿಷಯ ಎಂಬುದು ಮುಚ್ಚಿಹೋಯಿತು.

ಹುಡುಕಿದ್ದನ್ನು ನೆನಪಿಟ್ಟುಕೊಳ್ಳದ ಹುಡುಕುತಾಣಗಳೂ ಇವೆ ಎಂದು ಅವಳು ಎಲ್ಲೋ ಓದಿದ್ದಳು. ತರಕಾರಿ ಅಂಗಡಿಯಲ್ಲಿ ಗೆಣಸು ಆರಿಸುವ ಹಾಗೆ ಒಂದೊಂದನ್ನೇ ತಿರುವಿ ನೋಡಿದಳು, ದಿನಾ ನಮಗೆ ಬಂದು ವರದಿ. ಒಂದಕ್ಕೆ ನಮ್ಮ ಹಾಅಪೈ ದ್ವೀಪಕ್ಕೆ ಹೋಗುವ ಹಡಗು ಯಾವಾಗ ಎಂದು ಕೇಳಿದರೆ ಯಾವುದೋ ಚಳಿದೇಶದ ಹಡಗು ತೋರಿಸಿತು. ಇನ್ನೊಂದು ಮೊದಲು ಹೆಸರು, ಫೋನ್ ನಂಬರು ಕೇಳಿತು.

"ಬಾಗಿಲಲ್ಲೇ ಹೆಸರು ಕೇಳೋನು ಗುಟ್ಟು ಏನ್ ಕಾಪಾಡ್ತಾನೆ?" ಎಂದು ಅದನ್ನು ಕೈಬಿಟ್ಟಳು.

ಮೂರನೆಯದು ಬರೀ ಖಾಲಿ ಪೆಟ್ಟಿಗೆ. ಉತ್ತರ ಸುಮಾರು. ಆದರೆ ಕೆಸುವಿನೆಲೆ ಅಡುಗೆ ಕೇಳಿ, ಮುಚ್ಚಿ, ಮತ್ತೆ ತೆರೆದರೆ ಕೇಳಿದ ಗುರುತೇ ಇಲ್ಲ. ಔಷಧಿ, ಡಾಕ್ಟರು ಎಂದು ಬೆನ್ನು ಹತ್ತುತ್ತಿದ್ದ ಜಾಹೀರಾತುಗಳೂ ನಿಂತವು.

"ಥೇಟ್ ನನ್ನ ಗಂಡ," ಎಂದೆ ನಾನು. "ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾನೆ."

ಅಂದಿನಿಂದ ಅದರ ಹೆಸರು ಮರೆಗುಳಿ. ಲುಪೆ ಹಳೆಯದನ್ನೆಲ್ಲ ಅಳಿಸಿದಳು, ಲ್ಯಾಪ್‌ಟಾಪ್ ತಾನಾಗಿ ಏನೂ ಉಳಿಸಿಕೊಳ್ಳದ ಹಾಗೆ ಮಾಡಿದಳು. "ಇನ್ನು ಅವನ ಕಣ್ಣಿಗೆ ಏನೂ ಬೀಳಲ್ಲ. ಮನೆಗೆ ಬಾ ಅಂತ ಅಷ್ಟೇ ಹೇಳು ಮಾರಾಯ್ತಿ," ಎಂದು ನನ್ನ ಕೈಯಲ್ಲೇ ಹೇಳಿಕಳಿಸಿದಳು. ಸೊಸಾಯ ಬಂದ. ತಮ್ಮನ ಮರ್ಯಾದೆ ಉಳಿಯಿತೆಂದು ಅವಳ ಮುಖ ಅರಳಿತು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ, ಸೊಸಾಯ ಇದ್ದೊಂದು ದೊಡ್ಡ ಹಂದಿಯನ್ನು ಇಡಿಯಾಗಿ ಸುಟ್ಟು ಚರ್ಚಿನ ಊಟಕ್ಕೆ ಕಳಿಸಿದ. ಹಬ್ಬವಿಲ್ಲ, ಹುಟ್ಟುಹಬ್ಬವಿಲ್ಲ.

"ಏನೇ ಇದು, ನಿನ್ನ ತಮ್ಮನಿಗೆ ಹೆಣ್ಣು ಗೊತ್ತಾಯ್ತಾ?" ಎಂದೆ.

"ನನ್ನ ಹತ್ರ ಹೇಳ್ತಾನಾ ಅವನು?" ಎಂದು ನಗುತ್ತ ಲುಪೆಯೇ ನಿಂತು ಎಲ್ಲರಿಗೂ ಬಡಿಸಿದಳು. ಗರಿಗರಿ ಚರ್ಮದ ತುಂಡು ನನ್ನ ಎಲೆಗೆ ಬಿತ್ತು.

ಆಮೇಲೆ ಅವಳ ಬಲಗೈ ಮೇಲೇಳದಾಯಿತು. "ಚಾಪೆ ಹೆಣೆದೂ ಹೆಣೆದೂ ಹಿಡ್ಕೊಂಡಿದೆ," ಎಂದಳು. ನಮಗೂ ಹಿಡಿಯುತ್ತದೆ, ನಂಬಿದೆವು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು ನಮ್ಮ ನೆಂಟರವಳೇ. ಅವಳಿಗೆ ತಿಳಿದರೆ ಸೊಸಾಯನಿಗೆ ತಿಳಿದ ಹಾಗೆ. ಅದಕ್ಕೇ ಲುಪೆ ಆಸ್ಪತ್ರೆಗೆ ಹೋಗದೆ ಮರೆಗುಳಿಯನ್ನೇ ಕೇಳಿಕೊಂಡು, ಅದು ಹೇಳಿದ್ದನ್ನು ಒಬ್ಬಳೇ ಓದಿಕೊಂಡು ಕೂತಿರಬೇಕು. ಅವಳು ಕುಸಿದು ಬಿದ್ದ ದಿನ ನಾವೇ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಡಾಕ್ಟರು ತಲೆ ಅಲ್ಲಾಡಿಸಿದರು.

ಮಣ್ಣಿನ ದಿನ ಸೊಸಾಯ ಹೆಣದ ಹತ್ತಿರ ಬರುವಂತಿರಲಿಲ್ಲ. ಅಕ್ಕನ ಮುಂದೆ ತಮ್ಮ ಕೆಳಗಿನವನು. ಕತ್ತಿನವರೆಗೆ ಮುಚ್ಚುವ, ಸೂತಕದವರು ಉಡುವ ಹರಕು ಚಾಪೆ ಸುತ್ತಿಕೊಂಡು ಹಿತ್ತಲಿನ ಒಲೆಯ ಹೊಗೆಯಲ್ಲಿ ಕೂತಿದ್ದ. ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

"ಅತ್ತಿಗೆ, ನಂಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?"

"ಗಂಟು. ಅವತ್ತು ಲ್ಯಾಪ್‌ಟಾಪಿನಿಂದ ಕಣ್ಣು ತಿರುಗಿಸೋದ್ರೊಳಗೆ ಓದ್ಬಿಟ್ಟಿದ್ದೆ."

"ಪಾಪಿ! ನಂಗಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಅಕ್ಕನ ಮೈ ಮಾತು ಯಾವ ಬಾಯಲ್ಲಿ ಹೇಳ್ಲಿ ಅತ್ತಿಗೆ? ಮನೆಗೆ ವಾಪಸ್ ಬಂದ್ಮೇಲೆ ದಿನಾ ಅದೇ ಅಕ್ಷರ ಒತ್ತಿ ನೋಡ್ತಿದ್ದೆ. ಇನ್ನೂ ಹುಡುಕ್ತಿದ್ದಾಳಾ, ಜಾಸ್ತಿ ಆಯ್ತಾ ಅಂತ. ಏನೂ ಬರ್ತಿರ್ಲಿಲ್ಲ. ಒಂದಿನಾನೂ ಬರ್ಲಿಲ್ಲ." ಅವನು ಒಲೆಯನ್ನೇ ನೋಡುತ್ತಿದ್ದ. "ಹುಡುಕೋದು ಬಿಟ್ಟಿದ್ದಾಳೆ ಅಂದ್ರೆ ವಾಸಿ ಆಗಿದೆ ಅಂದ್ಕೊಂಡೆ. ದೇವರಿಗೆ ಏನಾದ್ರೂ ಕೊಡ್ಬೇಕಲ್ಲ. ಅದಕ್ಕೇ ಹಂದಿ ಸುಟ್ಟಿದ್ದು."

ನೀರಿನ ಚೊಂಬು ನನ್ನ ಕೈಯಲ್ಲೇ ಉಳಿಯಿತು. ಆ ಭಾನುವಾರ ನಾನು ಆ ಹಂದಿಯ ಮಾಂಸವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಿದ್ದೆ. ಲುಪೆ ಆಗಲೇ ಎಡಗೈಯಲ್ಲಿ ಬಡಿಸಿದ್ದಳು.