ಬೀಗರ ಮೇಜಿನ ಹೂವು

ಹಾರ ಕಟ್ಟುವುದು ನನಗೆ ಮೊದಲೇ ಬರುತ್ತಿತ್ತು. ನಮ್ಮೂರು ಇಂಡಿಯಲ್ಲಿ ಓಣಿಯ ಹೆಂಗಸರಿಗೆಲ್ಲ ಬರುತ್ತದೆ. ಊಟದ ಮೇಜಿಗೆ ಹೂವು ಜೋಡಿಸುವುದು ಬೇರೆಯೇ ವಿದ್ಯೆ ಎಂದು ತಿಳಿದದ್ದು ಸಿಂದಗಿಯ ಅಕ್ಕನ ಬಳಿ ಕಲಿಯಲು ಹೋದ ಮೇಲೆ. ಅವರು ಮದುವೆಗಳಿಗೆ ಹೂವಿನ ಅಲಂಕಾರ ಮಾಡಿಕೊಡುತ್ತಿದ್ದರು. ಈಚೆಗೆ ನಮ್ಮ ಕಡೆ ಬೀಗರಿಗೆಂದು ಒಂದು ಅಗಲವಾದ ಮೇಜನ್ನು ಬೇರೆ ಹಾಕಿ, ಬಿಳಿ ಬಟ್ಟೆ ಹಾಸಿ, ನಡುವೆ ಹೂವಿಡುವ ರೂಢಿ ಬಂದಿದೆ. ಆ ಮೇಜಿನ ಕೆಲಸವನ್ನು ಅಕ್ಕ ನನಗೆ ಬಿಟ್ಟರು.

ಮೊದಮೊದಲು ನಾನು ಜೋಡಿಸಿದ್ದೆಲ್ಲ ಹಾರ ಸುತ್ತಿಟ್ಟಂತೆ ಕಾಣುತ್ತಿತ್ತು. ಹಾರದಲ್ಲಿ ಹೂವಿಗೂ ಹೂವಿಗೂ ನಡುವೆ ದಾರ ಕಾಣಬಾರದು. ಇಲ್ಲಿ ತೆರವು ಬೇಕು.

"ಎಷ್ಟ್ ತುರುಕ್ತೀಯವಾ, ಬಸ್ಸೇನದು?" ಎನ್ನುತ್ತ ಅಕ್ಕ ಹೂವು ಕಿತ್ತು ನನ್ನ ಮಡಿಲಿಗೆ ಹಾಕುತ್ತಿದ್ದರು.

ನೀರು ಕುಡಿದ ಹಸಿರು ಸ್ಪಂಜಿಗೆ ದಂಟನ್ನು ಓರೆಯಾಗಿ ಕತ್ತರಿಸಿ ಒಂದೇ ಸಲಕ್ಕೆ ಚುಚ್ಚಬೇಕು. ಎಳೆದು ಮತ್ತೆ ಚುಚ್ಚಿದರೆ ತೂತು ಸಡಿಲವಾಗಿ ಹೂವು ಬಾಡುತ್ತದೆ. ಎತ್ತರಕ್ಕೂ ಒಂದು ಅಳತೆಯಿತ್ತು. ಕುರ್ಚಿಯಲ್ಲಿ ಕೂತು, ಮೊಣಕೈಯನ್ನು ಮೇಜಿನ ಮೇಲೂರಿ, ಗದ್ದದ ಕೆಳಗೆ ಮುಷ್ಟಿ ಹಿಡಿಯಬೇಕು. ಹೂವು ಆ ಮುಷ್ಟಿಯನ್ನು ದಾಟಬಾರದು. ಎದುರಿಗೆ ಕೂತವರ ಮುಖ ಕಂಡರೆ ಮಾತಿಗೆ ಅಡ್ಡಿಯಿಲ್ಲ ಎಂಬುದು ಅಕ್ಕನ ಲೆಕ್ಕ. ನನಗೂ ಅದು ಸರಿಯೆನಿಸಿತ್ತು.

ಬಸವನ ಬಾಗೇವಾಡಿಯ ಒಂದು ಮದುವೆಗೆ ಹೂವು ಆರಿಸಲು ಮದುಮಗಳು ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ತಾಯಿಗೆ ಹುಟ್ಟಿನಿಂದ ಕಿವಿ ಕೇಳದು, ಬಾಯಿ ಮಾತೂ ಬರದು. ಮಾತೆಲ್ಲ ಕೈಯಲ್ಲಿ. ಮಗಳು ಅದನ್ನು ನೋಡಿ ನಮಗೆ ಹೇಳುತ್ತಿದ್ದಳು. ಆಕೆ ಜರ್ಬೆರಾ ಹೂವನ್ನು ಮೂಗಿಗೆ ಹಿಡಿದು, ಮುಖ ಸಿಂಡರಿಸಿ, ಕೈಯಾಡಿಸಿದರು.

"ವಾಸನಿ ಇಲ್ಲದ್ದು ಹೂವ ಹೆಂಗಾಗ್ತೈತಿ ಅಂತಾಳ," ಎಂದಳು ಮಗಳು.

ಆಮೇಲೆ ತಾಯಿ ಉದ್ದಕ್ಕೆ ಏನೋ ಹೇಳಿದರು. ಮಗಳು ನಕ್ಕು ಅವರ ಕೈ ಹಿಡಿದು ನಿಲ್ಲಿಸಿದಳು. ಏನಂತೆ ಎಂದು ಅಕ್ಕ ಕೇಳಿದರು.

"ಬೀಗರ ಊಟಕ್ಕ ತನ್ನನ್ನ ನಮ್ಮತ್ತಿ ಎದುರಿಗೇ ಕೂಡಸ್ರಿ ಅಂತಾಳ್ರಿ. ಅವರಿಗೆ ಒಂದು ಮಾತ ಹೇಳೂದೈತಂತ. ತಾನ ಹೇಳ್ತಾಳಂತ, ನಾ ನಡುವ ಬಾಯಿ ಹಾಕಬಾರದಂತ."

"ಯಾಕವಾ, ನೀ ಹೇಳಿದರ ತಪ್ಪೇನು?"

"ನನ್ನ ವಿಷಯ ಬಂದರ ನಾ ಅರ್ಧಾ ನುಂಗ್ತೇನಂತ." ಹುಡುಗಿ ತಲೆ ತಗ್ಗಿಸಿದಳು. "ಖರೇನ ಐತ್ರಿ ಅದು."

ನಿಶ್ಚಿತಾರ್ಥದ ದಿನ ಮುದ್ದೇಬಿಹಾಳದಿಂದ ಬಂದ ಬೀಗತಿ ಹುಡುಗಿಯ ಸೋದರತ್ತೆಯ ಜೊತೆಗೇ ಮಾತಾಡಿದರಂತೆ. ತಾಯಿಯ ಕಡೆ ನೋಡಿ ನಗುತ್ತಿದ್ದರಂತೆ, ಅಷ್ಟೇ. ಹುಡುಗಿ ಅದನ್ನು ದೂರಿನಂತೆ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಟಿತು.

ಮದುವೆಯ ದಿನ ಬಿಳಿ ಸೇವಂತಿಗೆ, ಹಳದಿ ಗುಲಾಬಿ, ನಡುವೆ ಸುಗಂಧರಾಜ ಇಟ್ಟು ಮೇಜಿನ ಹೂವು ಜೋಡಿಸಿದೆ. ಮುಷ್ಟಿಯಿಂದ ಅಳೆದೆ. ಅಕ್ಕ ಎರಡೂ ಬದಿಯ ಕುರ್ಚಿಯಲ್ಲಿ ಕೂತು ನೋಡಿದರು. "ಮುಖ ಚಲೋ ಕಾಣ್ತಾವ. ಪಾಸಾದಿ," ಎಂದರು.

ಅಕ್ಷತೆ ಮುಗಿದು ಬೀಗರು ಊಟಕ್ಕೆ ಕೂತರು. ತಾಯಿ ಮತ್ತು ಬೀಗತಿ ಎದುರುಬದುರಾಗಿದ್ದರು. ಮದುಮಗಳು ಮೇಜಿನ ಕೊನೆಯಲ್ಲಿ ಗಂಡನ ಪಕ್ಕ. ನಾನು ಬೀಗತಿಯ ಹಿಂದೆ ಗೋಡೆಗೆ ನಿಂತಿದ್ದೆ. ತಾಯಿ ಎಲೆ ಮುಟ್ಟಿರಲಿಲ್ಲ. ಅನ್ನ ಕಲಸಿದರೆ ಕೈ ಎಂಜಲಾಗುತ್ತದೆ, ಮಾತು ನಿಲ್ಲುತ್ತದೆ. ಬೀಗತಿ ಎರಡು ತುತ್ತು ಉಂಡು ತಲೆ ಎತ್ತುವವರೆಗೆ ಕಾದು, ಆಮೇಲೆ ಹೇಳತೊಡಗಿದರು.

ಅವರ ಮುಖ ನನಗೆ ಪೂರ್ತಿ ಕಾಣುತ್ತಿತ್ತು. ಕೈ ಕಾಣುತ್ತಿರಲಿಲ್ಲ. ಎದೆಯ ಮುಂದೆ ಆಡುತ್ತಿದ್ದ ಎರಡೂ ಕೈ ಹೂವಿನ ಹಿಂದಿದ್ದವು. ಆಗೊಮ್ಮೆ ಈಗೊಮ್ಮೆ ಬೆರಳ ತುದಿ ಸೇವಂತಿಗೆಯ ಮೇಲೆದ್ದು ಮರೆಯಾಗುತ್ತಿತ್ತು. ಬೀಗತಿ ಮುಖವನ್ನೇ ನೋಡುತ್ತ ಮರ್ಯಾದೆಗೆ ತಲೆಯಾಡಿಸಿದರು. ತಾಯಿಗೆ ತಿಳಿಯಿತು. ಅವರು ಕೈಗಳನ್ನು ಭುಜದ ಮೇಲಕ್ಕೆತ್ತಿ ಮೊದಲಿಂದ ಶುರು ಮಾಡಿದರು.

ಬೀಗತಿಯ ತಮ್ಮ ಅದನ್ನು ಕಂಡರು. "ಏ ಹೋಳಿಗಿ, ಇಲ್ಲಿ ಬಾ. ಬೀಗತ್ಯಾರು ಕೈ ಎತ್ಯಾರ ನೋಡು."

ಬಡಿಸುವವನು ಬಂದು ಹೋಳಿಗೆ ಹಾಕಿ ತುಪ್ಪ ಸುರಿದ. ತಾಯಿ ಬೇಡವೆಂದು ಕೈಯಾಡಿಸಿದರು. ನಮ್ಮಲ್ಲಿ ಬೇಡವೆಂದರೆ ನಾಚಿಕೆಯೆಂದೇ ಲೆಕ್ಕ, ಇನ್ನೊಂದು ಹೋಳಿಗೆ ಬಿತ್ತು. "ಸಂಕೋಚ ಮಾಡಬ್ಯಾಡ್ರಿ, ಉಣ್ರಿ ಬೀಗತ್ಯಾರ," ಎಂದು ಮೇಜಿನ ಸುತ್ತ ಎಲ್ಲರೂ ಪ್ರೀತಿಯಿಂದಲೇ ನಕ್ಕರು. ಮದುಮಗಳು ಬಾಯಿ ತೆರೆದಳು. ತಾಯಿ ಅವಳತ್ತ ನೋಡಿದರು. ಅವಳು ಬಾಯಿ ಮುಚ್ಚಿದಳು. ತಾಯಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು.

ಅಳತೆ ಸರಿಯಾಗಿತ್ತು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾನು ಮುಂದೆ ಹೆಜ್ಜೆಯಿಟ್ಟಾಗ ಅಕ್ಕ ಸೆರಗು ಹಿಡಿದು ಜಗ್ಗಿದರು. "ಮುಟ್ಟಬ್ಯಾಡ. ಫೋಟೋದಾಂವ ಇನ್ನೂ ಬಂದಿಲ್ಲ."

"ಅಕ್ಕಾ, ಅವರ ಕೈ ಕಾಣವಲ್ದು."

ಅಕ್ಕ ಮೇಜಿನತ್ತ ನೋಡಿದರು. ಸೆರಗು ಬಿಟ್ಟರು. "ತೆಗಿ. ಸಾವಕಾಶ ಎತ್ತು, ನೀರು ಚೆಲ್ಲೀತು."

ನಾನು ಹೂವನ್ನು ಎತ್ತುವಾಗ ಬೀಗತಿ, "ಯಾಕವಾ, ಛಂದ ಇತ್ತಲ್ಲ, ಇರ್ಲಿ ಬಿಡು," ಎಂದರು.

"ಅವರ ಮಾತು ಇದರ ಹಿಂದ ಐತ್ರಿ," ಎಂದೆ.

ಬಿಳಿ ಬಟ್ಟೆಯ ಮೇಲೆ ಒದ್ದೆಯ ಒಂದು ದುಂಡು ಗುರುತು ಉಳಿಯಿತು. ತಾಯಿ ತಕ್ಷಣ ಕೈ ಎತ್ತಲಿಲ್ಲ. ಖಾಲಿ ಜಾಗವನ್ನು ನೋಡಿದರು. ಆಮೇಲೆ ಮುಂದಕ್ಕೆ ಬಗ್ಗಿ, ಕೈ ಚಾಚಿ, ಎರಡು ಬೆರಳಿಂದ ಬೀಗತಿಯ ಎಡಗೈಯನ್ನು ಮೆಲ್ಲಗೆ ತಟ್ಟಿದರು. ಮಗಳತ್ತ ತೋರಿಸಿದರು. ಮತ್ತೆ ತಟ್ಟಿದರು. ಹುಬ್ಬು ಗಂಟಿಕ್ಕಿ ಸಿಟ್ಟಿನ ಅತ್ತೆಯ ಮುಖ ಮಾಡಿ, ಹಾಗಲ್ಲ ಎಂಬಂತೆ ಅಂಗೈ ಆಡಿಸಿದರು.

"ಏನಂತಾರ? ಮಗಳನ್ನ ಕೇಳ್ರೆಲಾ," ಎಂದರು ಬೀಗತಿಯ ತಮ್ಮ.

"ನೀ ಸುಮ್ನ ಉಣ್ಣು," ಎಂದರು ಬೀಗತಿ. ಅವರ ಕಣ್ಣು ಆ ಕೈಗಳ ಮೇಲಿಂದ ಕದಲಲಿಲ್ಲ. "ಹುಡುಗಿ ನನ್ನ ಹಿಂಗ ತಟ್ಟಿ ಕರೀತಾಳಂತ. ಬಾಯಿಲೆ ಕರಿಯೂ ರೂಢಿ ಇಲ್ಲಂತ. ಸಿಟ್ಟಾಗಬ್ಯಾಡ ಅಂತಾರ. ಹೌದೇನವಾ?"

ಮದುಮಗಳು ತಲೆ ತಗ್ಗಿಸಿಯೇ ಹೌದೆಂದಳು. ಕೂಗಿದರೆ ಕೇಳದ ಮನೆಯಲ್ಲಿ ಬೆಳೆದವಳು. ಬೇರೆ ಮನೆಯಲ್ಲಿ ಅತ್ತೆಯನ್ನು ಮುಟ್ಟಿ ಕರೆದರೆ ಸೊಕ್ಕು ಎಂದಾರು ಎಂಬುದು ತಾಯಿಯ ಭಯ.

"ಹೊಲದಾಗ ನಮ್ಮವರನ್ನ ನಾ ಹೆಂಟಿ ಒಗದು ಕರಿತೇನಿ. ತಟ್ಟಿದರ ಏನಾತು," ಎಂದರು ಬೀಗತಿ. ಅಂದಮೇಲೆ ಇದು ಎದುರಿನವರಿಗೆ ಕೇಳಿಸಿಲ್ಲವೆಂದು ನೆನಪಾಗಿ, ಕೈಯಲ್ಲಿದ್ದ ತುತ್ತು ಕೆಳಗಿಟ್ಟು, ಬಗ್ಗಿ ಮಣ್ಣಿನ ಹೆಂಟೆ ಎತ್ತಿಕೊಂಡವರಂತೆ ಮಾಡಿ ಪಕ್ಕದಲ್ಲೇ ಕೂತಿದ್ದ ಗಂಡನತ್ತ ಎಸೆದರು. ಗಂಡ ತಪ್ಪಿಸಿಕೊಂಡಂತೆ ತಲೆ ಬಗ್ಗಿಸಿದರು. ತಾಯಿ ದನಿ ತೆಗೆದು ನಕ್ಕರು.

ಈಗ ಅವರ ಕೈ ವೇಗವಾಯಿತು. ಬೀಗತಿಗೆ ಹಿಡಿಯಲಾಗಲಿಲ್ಲ, ಸೊಸೆಯ ಕಡೆ ತಿರುಗಿದರು. ತಾಯಿ ಮಗಳಿಗೆ ಬೆರಳು ತೋರಿಸಿ ಸುಮ್ಮನಿರಿಸಿದರು. ಮತ್ತೆ ಮೊದಲಿಂದ, ನಿಧಾನಕ್ಕೆ ಶುರು ಮಾಡಿದರು. ಬೀಗತಿ ಎಲೆಯನ್ನು ಒತ್ತಟ್ಟಿಗೆ ಸರಿಸಿ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೂತರು.