ಕುಣಿಗಲ್ ಡಾಕ್ಟರಮ್ಮನ ಹೈಬ್ರಿಡ್ ಕಾರು

ನನ್ನ ಹೆಂಡತಿಯ ಎಡ ಮೊಣಕಾಲು ಕೈಕೊಡದೆ ಹೋಗಿದ್ದರೆ ನಾನು ಹೈಬ್ರಿಡ್ ಕಾರಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಅವಳು ಗುಬ್ಬಿಯ ಸರ್ಕಾರಿ ಶಾಲೆಯೊಂದರಲ್ಲಿ ಕನ್ನಡ ಟೀಚರ್. ನಾನು ತುಮಕೂರಿನ ಅಂತರಸನಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಡೀಸೆಲ್ ಗಾಡಿಗಳನ್ನು ಬಿಚ್ಚಿ ಜೋಡಿಸಿಕೊಂಡು ಬಂದವನು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಮಾತು ಗಂಭೀರವಾದ ಕೂಡಲೇ ಅವಳು ಕನ್ನಡಕ್ಕೆ ಹೊರಳಿಬಿಡುತ್ತಾಳೆ. ಆಗ ನಾನು ಅವಳ ಕ್ಲಾಸಿನ ಕೊನೇ ಬೆಂಚಿನವನ ಹಾಗೆ ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.

ಗುಬ್ಬಿ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತಾ ಬಂದಾಗ ಅವಳು ನನ್ನನ್ನು ಕೇಳದೆಯೇ ಡ್ರೈವಿಂಗ್ ಸ್ಕೂಲಿಗೆ ಸೇರಿ, ಐವತ್ತೆರಡನೇ ವಯಸ್ಸಿನಲ್ಲಿ ಲೈಸೆನ್ಸ್ ತೆಗೆದುಕೊಂಡಳು. ಒಂದು ಸಂಜೆ ನನ್ನ ಹಳೇ ಡೀಸೆಲ್ ಜೀಪಿನ ಸ್ಟೇರಿಂಗ್ ಹಿಡಿದು ಕೂತಳು. ನಾನು ಪಕ್ಕದಲ್ಲಿದ್ದೆ. ಶಿರಾ ಗೇಟಿನ ತನಕ ಚೆನ್ನಾಗಿಯೇ ಬಂದಳು. ಅಲ್ಲಿ ಟ್ರಾಫಿಕ್ ಕಟ್ಟಿಕೊಂಡಿತ್ತು. ಎರಡು ಮಾರು ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಎರಡು ಮಾರು. ಜೀಪಿನ ಕ್ಲಚ್ಚು ಕಲ್ಲಿನಂಥದ್ದು. ಐದಾರು ಸಲ ಒತ್ತಿದ ಮೇಲೆ ಅವಳ ಕಾಲು ಮಡಿಸಿದಂತೆಯೇ ಹಿಡಿದುಕೊಂಡಿತು. ಗಾಡಿ ಜರ್ರೆಂದು ನೆಗೆದು ಆಫ್ ಆಯಿತು. ಹಿಂದಿನಿಂದ ಒಂದೇ ಸಮ ಹಾರ್ನು. ನಾನು ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಸುತ್ತಿಕೊಂಡು ಹೋಗಿ ಅವಳನ್ನು ಆಚೆ ಸೀಟಿಗೆ ಸರಿಸಿದೆ. ಅವಳ ಕಣ್ಣಲ್ಲಿ ನೀರಿತ್ತು. ನೋವಿಗೋ ಅವಮಾನಕ್ಕೋ ಕೇಳುವ ಧೈರ್ಯವಾಗಲಿಲ್ಲ.

ಮನೆಗೆ ಬಂದವಳೇ ಕನ್ನಡಕ್ಕೆ ಹೊರಳಿದಳು. "ಕ್ಲಚ್ ಇಲ್ದೇ ಇರೋ ಗಾಡಿ ಹುಡುಕ್ರೀ. ನಾನು ಡ್ರೈವಿಂಗ್ ಬಿಡಲ್ಲ."

ನಾನು ಹುಡುಕುವ ಮೊದಲೇ ಗಾಡಿಯೇ ನಮ್ಮನ್ನು ಹುಡುಕಿಕೊಂಡು ಬಂತು. ನಾನು ಬೇರಿಂಗು, ಬೆಲ್ಟು ತರುವ ಬಿಡಿಭಾಗಗಳ ಅಂಗಡಿಯವರು ಒಂದು ದಿನ, "ಕುಣಿಗಲ್ಲಲ್ಲಿ ಒಬ್ಬರು ಹೆರಿಗೆ ಡಾಕ್ಟ್ರು ಅವ್ರೆ, ಕಾರು ಕೊಡ್ತಾರಂತೆ. ಹೈಬ್ರಿಡ್ ಎಸ್‌ಯುವಿ. ಒಂದೇ ಕೈಯಲ್ಲಿ ಓಡಿರೋದು ಕಣ್ರೀ, ಕ್ಲಚ್ಚೂ ಇಲ್ಲ, ಗೇರೂ ಇಲ್ಲ," ಎಂದರು. ನನಗೆ ಸುತರಾಂ ಇಷ್ಟವಿರಲಿಲ್ಲ. ಅರ್ಧ ಪೆಟ್ರೋಲು, ಅರ್ಧ ಕರೆಂಟು. ಕೆಟ್ಟರೆ ನನ್ನ ಕೈಗೆ ಸಿಗುವ ಪೈಕಿಯಲ್ಲ. ಊರಿನವರ ಗಾಡಿಗೆಲ್ಲ ಔಷಧಿ ಹೇಳುವವನು ತನ್ನ ಸ್ವಂತ ಗಾಡಿಯನ್ನು ಬೇರೆಯವರ ಬಾಗಿಲಿಗೆ ತೆಗೆದುಕೊಂಡು ಹೋಗಿ ನಿಲ್ಲಬೇಕೆ ಎಂಬ ಜಂಬವೂ ಇತ್ತು. ಆದರೂ ಭಾನುವಾರ ಜೀಪಿನಲ್ಲಿ ಅವಳನ್ನು ಕೂರಿಸಿಕೊಂಡು ಗೂಳೂರು, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದೆ. ನೋಡಿ, ಏನಾದರೂ ಒಂದು ಕೊಂಕು ತೆಗೆದು ವಾಪಸ್ಸು ಬಂದರಾಯಿತು ಅಂತಲೇ ಲೆಕ್ಕ ಹಾಕಿಕೊಂಡಿದ್ದೆ.

ಡಾಕ್ಟರಮ್ಮನಿಗೆ ಎಪ್ಪತ್ತು ದಾಟಿದೆ. ತೆಳ್ಳನೆಯ ಮೈ, ಹತ್ತಿ ಸೀರೆ, ಕತ್ತಿಗೆ ದಾರ ಕಟ್ಟಿದ ಕನ್ನಡಕ. ಮನೆಯ ಮುಂಭಾಗದಲ್ಲೇ ಕ್ಲಿನಿಕ್ಕು. ಕಾರು ಕಾಂಪೌಂಡಿನ ನೆರಳಿನಲ್ಲಿ ನಿಂತಿತ್ತು. ಬೂದಿ ಬಣ್ಣ, ಒಂದು ಗೀರೂ ಇಲ್ಲ. ನಾನು ಬಾನೆಟ್ ಎತ್ತಿಸಿದೆ. ಒಳಗೆ ದಪ್ಪ ದಪ್ಪ ಕಿತ್ತಳೆ ಬಣ್ಣದ ಕೇಬಲ್ಲುಗಳು. ಅಭ್ಯಾಸಬಲದಿಂದ ಕೈ ಮುಂದೆ ಹೋಯಿತು.

"ಸಾಹೇಬ್ರೇ, ಅದನ್ನ ಮಾತ್ರ ಮುಟ್ಟಬೇಡಿ. ಅದರಲ್ಲಿ ಹರಿಯೋ ಕರೆಂಟು ನಿಮ್ಮನ್ನ ಎತ್ತಿ ಒಗೆಯುತ್ತೆ," ಎಂದರು ಡಾಕ್ಟರಮ್ಮ.

ಕೈ ಹಿಂದಕ್ಕೆ ತೆಗೆದುಕೊಂಡೆ. ಗಾಡಿ ಮುಟ್ಟಬೇಡ ಎಂದು ನನಗೆ ಹೇಳಿದವರು ಅಲ್ಲಿಯತನಕ ಯಾರೂ ಇರಲಿಲ್ಲ.

"ಸ್ಟಾರ್ಟ್ ಮಾಡ್ತೀರಾ ಮೇಡಂ? ಎಂಜಿನ್ ಕೇಳಣ," ಎಂದೆ.

ಅವರು ಬಾಗಿಲಿನಿಂದಲೇ ಒಳಗೆ ಬಗ್ಗಿ ಬ್ರೇಕ್ ಒತ್ತಿ ಒಂದು ಗುಂಡಿ ಅದುಮಿದರು. ನಾನು ಎಂಜಿನ್ನಿನ ಮೇಲೆ ಬಗ್ಗಿ ಕಿವಿಗೊಟ್ಟು ಕಾದೆ. ಮರದ ಮೇಲೆ ಅಳಿಲೊಂದು ಕೂಗುತ್ತಿತ್ತು. ರಸ್ತೆಯಲ್ಲಿ ಯಾರೋ ಸೊಪ್ಪು ಮಾರಿಕೊಂಡು ಹೋಗುತ್ತಿದ್ದರು.

"ಮಾಡಿ ಮೇಡಂ," ಎಂದೆ ಮತ್ತೆ.

"ಆಗಿದೆಯಲ್ಲ," ಎಂದರು.

ಗಾಡಿ ಸ್ಟಾರ್ಟ್ ಆಗಿತ್ತು. ನಾನು ತಲೆಯೆತ್ತಿ ಹೆಂಡತಿಯ ಮುಖ ನೋಡಿದೆ. ಅವಳು ನಗು ತಡೆದುಕೊಂಡು ನಿಂತಿದ್ದಳು. ಲಾರಿಯ ಕೆಮ್ಮು ಕೇಳಿಯೇ ಯಾವ ಇಂಜೆಕ್ಟರ್ ಸತ್ತಿದೆ ಎಂದು ಹೇಳುತ್ತಿದ್ದ ಈ ಕಿವಿಗೆ ಆ ಹೊತ್ತು ಕೇಳಿಸಿದ್ದು ಅಳಿಲೂ ಸೊಪ್ಪಿನವರೂ ಮಾತ್ರ.

ಓಡಿಸಿ ನೋಡಿ ಎಂದು ಡಾಕ್ಟರಮ್ಮ ಕೀ ಕೊಟ್ಟು ತಾವು ಪಕ್ಕದ ಸೀಟಿನಲ್ಲಿ ಕೂತರು. ಹೆಂಡತಿ ಹಿಂದೆ ಹತ್ತಿದಳು. ಗೇಟು ದಾಟಿ ಕೆರೆಯ ಕಡೆಗೆ ತಿರುಗಿಸಿದೆ. ಟೈರು ಮಣ್ಣು ಅರೆಯುವ ಸದ್ದಷ್ಟೇ. ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳುತ್ತಿದ್ದಾರೇನೋ ಅನ್ನುವ ಹಾಗೆ ಗಾಡಿ ಹೋಗುತ್ತಿತ್ತು. ಏರು ಶುರುವಾಗುವ ಮುಂಚೆಯೇ ಡಾಕ್ಟರಮ್ಮ, "ಈಗ ಎಂಜಿನ್ ಬರುತ್ತೆ ನೋಡಿ," ಎಂದರು. ಎರಡು ಉಸಿರಿನಷ್ಟು ಹೊತ್ತಿನಲ್ಲಿ ಪಾದದ ಕೆಳಗೆ ಸಣ್ಣ ಕಂಪನವೊಂದು ಎದ್ದಿತು. ಯಾರೂ ಕರೆಯದೆ ಎಂಜಿನ್ ತಾನಾಗಿ ಎದ್ದು ಬಂದು ಕೆಲಸಕ್ಕೆ ನಿಂತಿತ್ತು. ಏರು ಮುಗಿದದ್ದೇ ಹಾಗೆಯೇ ಸುಮ್ಮನಾಯಿತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ.

"ಹಂಗೆ ಗಬಕ್ಕನೆ ಒತ್ತಬೇಡಿ," ಎಂದರು. "ದೂರದಿಂದಲೇ ಮೆತ್ತಗೆ ಕಾಲಿಡಿ. ನೀವು ನಿಲ್ಲಿಸ್ತೀರಲ್ಲ, ಆ ಶಕ್ತಿನೆಲ್ಲ ಅದು ವಾಪಸ್ ಬ್ಯಾಟರಿಗೆ ತಗೊಳ್ಳುತ್ತೆ. ಅದಕ್ಕೆ ತಗೊಳ್ಳೋಕೆ ಟೈಮ್ ಕೊಡಿ."

ಮೆತ್ತಗೆ ಒತ್ತಿದೆ. ಎದುರಿನ ಪರದೆಯಲ್ಲಿ ಚಕ್ರದಿಂದ ಬ್ಯಾಟರಿಯ ಕಡೆಗೆ ಹಸಿರು ಗೆರೆಯೊಂದು ಹರಿಯತೊಡಗಿತು. ನಾನು ಬ್ರೇಕ್ ಲೈನರ್ ಬದಲಾಯಿಸಿದ ಲಾರಿಗಳಿಗೆ ಲೆಕ್ಕವಿಲ್ಲ. ಸವೆದು ಕರಕಾದ ಲೈನರ್‌ಗಳನ್ನು ಬುಟ್ಟಿಗಟ್ಟಲೆ ಗುಜರಿಗೆ ಹಾಕಿದ್ದೇನೆ. ಅಷ್ಟೂ ವರ್ಷ ಬರೀ ಬಿಸಿಯಾಗಿ ಗಾಳಿಗೆ ಹೋಗಿದ್ದನ್ನು ಈ ಗಾಡಿ ಎತ್ತಿಟ್ಟುಕೊಳ್ಳುತ್ತಿತ್ತು. ಕೆರೆ ಏರಿಯ ಪಕ್ಕ ನಿಲ್ಲಿಸಿದೆ. ಎದುರಿಗೆ ತುಂಬಿದ ನೀರು.

ಕೊನೆಗೆ ಕೇಳಬೇಕಾದ್ದನ್ನು ಕೇಳಿದೆ. "ಇಷ್ಟು ಚೆನ್ನಾಗಿರೋದನ್ನ ಯಾಕೆ ಕೊಡ್ತಿದೀರಾ ಮೇಡಂ?"

"ಗಾಡಿ ಚೆನ್ನಾಗಿದೆ. ನನ್ನ ಕಣ್ಣು ಚೆನ್ನಾಗಿಲ್ಲ," ಎಂದರು. "ಗ್ಲಾಕೋಮಾ. ಎದುರಿಗಿರೋದೆಲ್ಲ ಕಾಣ್ಸುತ್ತೆ, ಪಕ್ಕದ್ದು ಕಾಣ್ಸಲ್ಲ. ಹೋದ ತಿಂಗಳು ಎಡಗಡೆಯಿಂದ ಒಂದು ಸೈಕಲ್ ಬಂತು. ಅದು ಗಾಡಿ ಮುಂದೆ ದಾಟೋ ತನಕ ನಂಗೆ ಗೊತ್ತೇ ಆಗ್ಲಿಲ್ಲ. ಏನೂ ಆಗ್ಲಿಲ್ಲ ಬಿಡಿ, ಅವನು ತಿರುಗೂ ನೋಡದೆ ಹೋದ. ಅವತ್ತೇ ಕೀ ಎತ್ತಿಟ್ಟೆ."

"ಯಾರಾದ್ರೂ ಹೇಳಿದ್ರಾ, ಓಡಿಸಬೇಡಿ ಅಂತ?" ಹಿಂದಿನಿಂದ ನನ್ನ ಹೆಂಡತಿ ಕೇಳಿದಳು.

"ನಾನು ಡಾಕ್ಟ್ರಲ್ವೇನಮ್ಮ? ನಾನೇ ಹೇಳ್ಕೊಂಡೆ."

ಇದನ್ನು ಅವರು ಕಾಫಿಗೆ ಸಕ್ಕರೆ ಬೇಡ ಎನ್ನುವಷ್ಟು ಸಲೀಸಾಗಿ ಹೇಳಿದರು. ನಲವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ. ಎಷ್ಟು ಹಳ್ಳಿಗಳಿಗೆ, ಎಷ್ಟು ಹೆರಿಗೆಗಳಿಗೆ ಹೋಗಿ ಬಂದಿತ್ತೋ. ಕಣ್ಣು ಮಂಜಾದರೂ ಬಿಡಲೊಲ್ಲದ ಡ್ರೈವರುಗಳನ್ನು ನಾನು ಕಂಡಿದ್ದೇನೆ. ಅವರು ಜಜ್ಜಿ ತಂದ ಗಾಡಿಗಳನ್ನು ನೇರ ಮಾಡಿ ಕೊಟ್ಟಿದ್ದೇನೆ. ಯಾರೂ ಹೇಳದೆ ತಾವಾಗಿ ಕೀ ಎತ್ತಿಟ್ಟವರನ್ನು ನೋಡಿದ್ದು ಅದೇ ಮೊದಲು.

"ಟೀಚರಮ್ಮ, ನೀವು ಬನ್ನಿ ಮುಂದೆ. ಓಡಿಸೋದು ನೀವು ತಾನೆ?" ಎಂದರು.

ಜಾಗ ಬದಲಾಯಿಸಿದೆವು. ನಾನು ಹಿಂದೆ ಕೂತೆ. ನನ್ನ ಹೆಂಡತಿ ಎಡಗಾಲನ್ನು ಆರಾಮವಾಗಿ ಚಾಚಿ, ಬಲಗಾಲಿನಿಂದ ಮೆಲ್ಲಗೆ ಒತ್ತಿದಳು. ಪೇಟೆಯ ರಸ್ತೆಗೆ ಬಂದಾಗ ಮುಂದೆ ಟ್ರ್ಯಾಕ್ಟರು, ಪಕ್ಕದಲ್ಲಿ ಆಟೋ. ನಿಂತಳು, ಹೊರಟಳು, ಮತ್ತೆ ನಿಂತಳು. ಗಾಡಿ ಒಂದು ಸಲವೂ ಜಗ್ಗಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಪರೀಕ್ಷೆ ಹಾಲಿನಲ್ಲಿ ಮಕ್ಕಳ ನಡುವೆ ಓಡಾಡುವಾಗ ಅವಳಿಗಿರುವ ಮುಖ ಅದು. ಶಾಂತವಾಗಿ, ಎಲ್ಲ ಕಡೆಯೂ ಕಣ್ಣಿಟ್ಟುಕೊಂಡು. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದವಳನ್ನು ಮೊದಲ ಸಲ ನೋಡುತ್ತಿರುವಂತೆ ನೋಡುತ್ತಾ ಕೂತೆ.

ವಾಪಸ್ಸು ಬರುವಾಗ ಗೂಳೂರಿನಲ್ಲಿ ಟೀ ಕುಡಿಯಲು ನಿಂತೆವು. "ಈಗ ಹೇಳಿ. ಬ್ಯಾಟರಿ ಹೆಂಗಿದೆ? ತಗೋಬೋದಾ?" ಎಂದಳು.

"ನಂಗೆ ಗೊತ್ತಿಲ್ಲ."

ಅವಳು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು.

"ನಿಜವಾಗ್ಲೂ ಗೊತ್ತಿಲ್ಲ ಕಣೇ. ಡೀಸೆಲ್ ಆಗಿದ್ರೆ ಹೇಳ್ತಿದ್ದೆ. ಇದ್ರಲ್ಲಿ ಬ್ಯಾಟರಿ ಒಳಗೆ ಏನೈತೆ ಅಂತ ನನ್ನ ಕಿವಿಗೂ ಕೇಳ್ಸಲ್ಲ, ಕೈಗೂ ಸಿಗಲ್ಲ."

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಗೊತ್ತಿರೋರ ಹತ್ರ ಹೋಗಣ ಬಿಡಿ," ಎಂದಳು, ಅಷ್ಟೇ.

ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದ್ದಕ್ಕೆ, "ಬಂದು ತಗೊಂಡ್ಹೋಗಿ, ಎಲ್ಲಿ ಬೇಕಾದ್ರೂ ತೋರಿಸ್ಕೊಳ್ಳಿ," ಎಂದರು. ಹೋದಾಗ ಕೀಯನ್ನೇ ಕೈಗಿಟ್ಟರು. ಒಂದು ಕಾಗದವನ್ನೂ ಬರೆಸಿಕೊಳ್ಳಲಿಲ್ಲ. ತುಮಕೂರಿನ ಹೊರಗಿನ ಸರ್ವೀಸ್ ಸೆಂಟರಿಗೆ ತೆಗೆದುಕೊಂಡು ಹೋದೆ. ಅಲ್ಲಿ ಬ್ಯಾಟರಿ ಪರೀಕ್ಷೆ ಮಾಡಲು ಬಂದದ್ದು ಇಪ್ಪತ್ತೈದರ ಆಸುಪಾಸಿನ ಒಬ್ಬ ಯುವತಿ. ಮೊಣಕೈ ತನಕ ರಬ್ಬರ್ ಗ್ಲೌಸು. ಹಿಂದಿನ ಸೀಟಿನ ಪಕ್ಕದ ಸಣ್ಣ ಜಾಲರಿ ಬಿಚ್ಚಿ ಫಿಲ್ಟರ್ ತೆಗೆದು ನನಗೆ ತೋರಿಸಿದಳು. "ಬ್ಯಾಟರಿಗೆ ಗಾಳಿ ಹೋಗೋದು ಇಲ್ಲಿಂದ ಅಂಕಲ್. ಜನ ಇದರ ಮುಂದೆ ಬ್ಯಾಗ್ ತುಂಬ್ತಾರೆ, ಉಸಿರು ಕಟ್ಟಿ ಬ್ಯಾಟರಿ ಹಾಳಾಗುತ್ತೆ. ಇವರು ಚೆನ್ನಾಗಿ ಇಟ್ಕೊಂಡಿದಾರೆ."

ಆಮೇಲೆ ಒಂದು ವೈರು ಸಿಕ್ಕಿಸಿ ಟ್ಯಾಬ್ಲೆಟ್ಟನ್ನು ನನ್ನ ಕಡೆ ತಿರುಗಿಸಿದಳು. ಪರದೆಯ ಮೇಲೆ ಸಾಲಾಗಿ ಕಂಬಗಳು. "ಬ್ಯಾಟರಿ ಒಳಗಿನ ಒಂದೊಂದು ಭಾಗಕ್ಕೆ ಒಂದೊಂದು ಕಂಬ. ಎಲ್ಲ ಒಟ್ಟಿಗೆ ಏರ್ಬೇಕು, ಒಟ್ಟಿಗೆ ಇಳೀಬೇಕು. ಒಂದು ಹಿಂದೆ ಬಿದ್ರೆ ತೊಂದ್ರೆ."

ಅವಳು ಗಾಡಿ ಓಡಿಸಿದಳು. ನಾನು ಪಕ್ಕದಲ್ಲಿ ಟ್ಯಾಬ್ಲೆಟ್ ಹಿಡಿದು ಕೂತೆ. ವೇಗ ಏರಿಸಿದಾಗ ಕಂಬಗಳೆಲ್ಲ ಒಂದೇ ಸಮ ತಗ್ಗಿದವು, ಬ್ರೇಕ್ ಒತ್ತಿದಾಗ ಒಂದೇ ಸಮ ಎದ್ದವು. ನಮಾಜಿನ ಸಾಲಿನಲ್ಲಿ ಜನ ಬಗ್ಗಿ ಏಳುವ ಹಾಗೆ, ಒಂದೂ ತಪ್ಪದೆ. ಮುಚ್ಚಿದ ಪೆಟ್ಟಿಗೆಯ ಒಳಗನ್ನು ಬಿಚ್ಚದೆಯೇ ಹೀಗೆ ನೋಡಬಹುದೆಂದು ಗೊತ್ತೇ ಇರಲಿಲ್ಲ.

ಆಗಲೇ ನನಗೆ ಏನೋ ಕೇಳಿಸಿತು. ಬಲು ಸಣ್ಣಗೆ, ಮುಂದಿನ ಎಡಗಡೆಯಿಂದ, ದೂರದಲ್ಲಿ ಹಿಟ್ಟಿನ ಮಿಲ್ಲು ಓಡಿದ ಹಾಗೆ.

"ಸ್ವಲ್ಪ ಸ್ಪೀಡ್ ಕಮ್ಮಿ ಮಾಡಮ್ಮ. ಈಗ ಜಾಸ್ತಿ ಮಾಡು. ಎಡಗಡೆ ವೀಲ್ ಬೇರಿಂಗ್ ಹೋಗೋಕೆ ಶುರುವಾಗೈತೆ."

"ಏನೂ ಕೇಳ್ತಿಲ್ವಲ್ಲ ಅಂಕಲ್?"

"ಎಂಜಿನ್ ಸದ್ದು ಇಲ್ವಲ್ಲ, ಅದಕ್ಕೆ ನಂಗೆ ಕೇಳ್ತಾ ಐತೆ."

ವಾಪಸ್ಸು ಬಂದು ಗಾಡಿಯನ್ನು ಲಿಫ್ಟಿಗೆ ಏರಿಸಿ ಆ ಚಕ್ರವನ್ನು ಕೈಯಲ್ಲಿ ತಿರುಗಿಸಿದಳು. ಸ್ಪ್ರಿಂಗಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ನಿಂತಳು. ಆಮೇಲೆ ನನ್ನ ಬೆರಳನ್ನೂ ಅಲ್ಲಿಡಲು ಹೇಳಿದಳು. ಗರಗರ ಸಿಕ್ಕಿತು. "ಹೌದು ಅಂಕಲ್!" ಎಂದು ಬೆರಗಾಗಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಬೇರಿಂಗ್ ವಿಷಯ ತಿಳಿಸಿದಾಗ ಡಾಕ್ಟರಮ್ಮ, "ಅದನ್ನ ಹಾಕ್ಸಿಯೇ ಕೊಡ್ತೀನಿ," ಎಂದರು. ಬ್ಯಾಟರಿಯ ವಾರಂಟಿಯೂ ಇನ್ನೂ ಕೆಲವು ವರ್ಷ ಉಳಿದಿತ್ತು.

ಆ ಸಂಜೆ ನಾನೇ ಕನ್ನಡದಲ್ಲಿ ಮಾತು ತೆಗೆದೆ. "ತಗೊಳ್ಳಣ. ಆದ್ರೆ ಇದನ್ನ ರಿಪೇರಿ ಮಾಡೋನು ನಾನಲ್ಲ."

"ಓಡಿಸೋರೂ ನೀವಲ್ಲ, ನಾನು ತಾನೆ," ಎಂದಳು. ಜೀಪನ್ನು ಮಾರಿದೆವು.

ಈಗ ಅವಳು ದಿನಾ ಗುಬ್ಬಿಗೆ ಅದರಲ್ಲೇ ಹೋಗುತ್ತಾಳೆ. ಜೊತೆಗೆ ಇಬ್ಬರು ಟೀಚರುಗಳು. ರಜೆಯ ದಿನ ನಾನು ಪಕ್ಕದಲ್ಲಿ ಕೂತರೆ ದೂರದಿಂದಲೇ ಬ್ರೇಕ್ ಮೇಲೆ ಕಾಲಿಟ್ಟು, "ನೋಡ್ರೀ, ತುಂಬ್ತಾ ಇದೆ," ಎಂದು ಹಸಿರು ಗೆರೆ ತೋರಿಸುತ್ತಾಳೆ. ಎಷ್ಟು ಸಲ ನೋಡಿದರೂ ನನಗೆ ಸಾಕು ಅನ್ನಿಸಿಲ್ಲ.

ಹೋದ ತಿಂಗಳು ಸಂಬಂಧಿಕರ ಮದುವೆಗೆಂದು ಕುಣಿಗಲ್ಲಿಗೆ ಹೋಗಿದ್ದೆವು. ಬಸ್‌ಸ್ಟ್ಯಾಂಡಿನ ಎದುರು ಡಾಕ್ಟರಮ್ಮ ಕೈಯಲ್ಲಿ ಚೀಲ ಹಿಡಿದು ಆಟೋಗೆ ಕಾಯುತ್ತಾ ನಿಂತಿದ್ದರು. ಹೆಂಡತಿ ಸದ್ದಿಲ್ಲದೆ ಪಕ್ಕಕ್ಕೆ ತಂದು ನಿಲ್ಲಿಸಿ ಕಿಟಕಿ ಇಳಿಸಿದಳು. ಅವರು ಗಾಡಿಯನ್ನು ಮೊದಲು ಗುರುತು ಹಿಡಿದರು, ಆಮೇಲೆ ನಮ್ಮನ್ನು. ನಾನು ಮುಂದಿನ ಸೀಟು ಬಿಡಲು ಇಳಿದೆ. ಬೇಡ ಬೇಡ ಎಂದು ತಾವೇ ಬಾಗಿಲು ತೆಗೆದು ಹಿಂದೆ ಹತ್ತಿದರು. ಸ್ವಲ್ಪ ದೂರ ಹೋದ ಮೇಲೆ ಸೀಟನ್ನು ಒತ್ತಿ ನೋಡಿ, ಕಾಲು ಚಾಚಿ ನೋಡಿ, "ಹಿಂದುಗಡೆ ಇಷ್ಟೊಂದು ಜಾಗ ಇತ್ತಾ! ಇಷ್ಟು ವರ್ಷದಲ್ಲಿ ಒಂದಿನಾನೂ ಇಲ್ಲಿ ಕೂತೇ ಇರ್ಲಿಲ್ಲ ನೋಡಿ," ಎಂದರು.