ಸಿದ್ದಗಂಗಮ್ಮನ ಎಡದವಡೆ

ಸಾರಕ್ಕಿಯ ಸಿದ್ದಗಂಗಮ್ಮ ಸೊಪ್ಪಿನ ಬುಟ್ಟಿ ಹೊತ್ತು ಬಂದು ನಿಂತರೆ, ಜಯನಗರದ ಹೊಸ ಮನೆಗಳವರಿಗೆ ಬೇಡವೆನ್ನುವ ಧೈರ್ಯ ಬರುತ್ತಿರಲಿಲ್ಲ. ಅಂಥ ಬಾಯಿ ಅವಳದು. ಆ ಬಾಯೊಳಗೆ ಮೂವತ್ತು ವರ್ಷದಿಂದ ಎಲೆಅಡಿಕೆ, ಹೊಗೆಸೊಪ್ಪು. ಮಲಗುವಾಗಲೂ ಎಡಗೆನ್ನೆಯಲ್ಲಿ ಒಂದು ಉಂಡೆ ಇರಲೇಬೇಕು. ಬಿಡು ಎಂದವರಿಗೆಲ್ಲ ಬೈಗುಳ.

೧೯೬೨ರಲ್ಲಿ ಅಲ್ಲೇ ಹುಣ್ಣಾಯಿತು. ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು, ವಾರಗಟ್ಟಲೆ ಕರೆಂಟು ಕೊಟ್ಟರು. ವಿಕಿರಣ ಚಿಕಿತ್ಸೆಯನ್ನು ಊರವರೆಲ್ಲ ಕರೆಯುವುದೇ ಹಾಗೆ. ಕೆನ್ನೆ ಸುಟ್ಟ ಬದನೆಕಾಯಿಯಂತಾದರೂ ಹುಣ್ಣು ಒಣಗಿತು. ಮಗ ಬೋರಣ್ಣ ಕೇರಿಗೆಲ್ಲ ಬೆಲ್ಲ ಹಂಚಿದ.

ಮೂರು ತಿಂಗಳಾದ ಮೇಲೆ ಡಾಕ್ಟರು ಮತ್ತೆ ಬಾಯಿ ತೆರೆಸಿ ನೋಡಿದರು. "ನೋಡಮ್ಮ, ಕಾಯಿಲೆ ಮೂಳೆಗೆ ಇಳಿದಿದೆ. ಆಪರೇಷನ್ ಮಾಡಿ ಎಡಗಡೆ ದವಡೆ ತೆಗೆದ್ರೆ ಬದುಕಬಹುದು, ಬಿಟ್ರೆ ಕಷ್ಟ. ಆಮೇಲೆ ಅಗಿಯೋಕೆ ಆಗಲ್ಲ, ಮುಖಾನೂ ಸೊಟ್ಟ ಆಗುತ್ತೆ. ಸೋಮವಾರ ಬಂದು ಹೇಳಿ."

"ಮುದ್ದೆ ತಿನ್ನೋರು ನಾವು, ಅಗಿಯೋದೇನಿದೆ ಸ್ವಾಮಿ, ನುಂಗ್ತೀವಿ" ಅಂದಳು. ಅದು ಬರೀ ಬಾಯಿಮಾತು. ಬಸ್ಸಿನಲ್ಲಿ ಮನೆ ಸೇರುವವರೆಗೂ ಎಡಗೆನ್ನೆ ಮುಟ್ಟಿ ಮುಟ್ಟಿ ನೋಡಿಕೊಂಡಳು.

ಬೋರಣ್ಣ "ನಿನ್ನಿಷ್ಟ ಅವ್ವ" ಎಂದು ಕೈತೊಳೆದುಕೊಂಡ. ಹೆದರಿದವರಿಗೆ ಹೇಳುವ ಮಾತೇ ಅದು? ಮೂರ್ಛೆ ಮದ್ದು ಕೊಟ್ಟ ಮೇಲೆ ಎಚ್ಚರವಾಗುತ್ತದೋ ಇಲ್ಲವೋ ಎಂಬುದು ಅವಳ ಒಂದು ಭಯ. ಎಚ್ಚರವಾದರೂ ಅರ್ಧ ಮುಖ ಹೊತ್ತು ಯಾರ ಬಾಗಿಲಿಗೆ ಹೋಗುವುದು, ಮೊಮ್ಮಕ್ಕಳು ಹತ್ತಿರ ಬಂದಾವೆ? ಸಾವಿಗಿಂತ ಆ ಮುಖಕ್ಕೇ ಅವಳು ಹೆಚ್ಚು ಹೆದರಿದಳು. ಶನಿವಾರದ ಹೊತ್ತಿಗೆ ಆಪರೇಷನ್ ಬೇಡವೆಂದೇ ಮನಸ್ಸು ಮಾಡಿದ್ದಳು.

ಆದರೂ ಒಂದು ಅನುಮಾನ ಉಳಿದಿತ್ತು. ದವಡೆ ಆಡಿಸದೆ ನಿಜಕ್ಕೂ ಮುದ್ದೆ ಇಳಿಯುತ್ತದೆಯೇ? ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹಳೇ ಸೀರೆಯ ತುಂಡೊಂದನ್ನು ಗದ್ದದಡಿ ಹಾಯಿಸಿ ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿಕೊಂಡಳು. ಗೋಡೆಗೆ ಒರಗಿ ಕೂತು, ಸಾರಲ್ಲಿ ಅದ್ದಿದ ಪುಟ್ಟ ತುತ್ತನ್ನು ತುಟಿಯ ಸಂದಿನಲ್ಲಿ ತೂರಿಸಿ, ಕಣ್ಣು ಮುಚ್ಚಿ ನುಂಗಿದಳು. ತುತ್ತು ಇಳಿಯಿತು.

ಅಷ್ಟರಲ್ಲಿ ಸೊಸೆ ಗೌರಮ್ಮ ನೀರು ಹೊತ್ತು ಒಳಗೆ ಬಂದಳು. ಬಿಂದಿಗೆ ಢಣ್ಣೆಂದು ಬಿತ್ತು.

"ಅಯ್ಯಯ್ಯೋ, ಅತ್ತೆ ಹೋಗ್ಬುಟ್ರು! ಯಾರು ಕಟ್ಟುದ್ರೋ ಬಟ್ಟೆಯ!"

ಸಿದ್ದಗಂಗಮ್ಮ ಕಣ್ಣು ಬಿಟ್ಟಳು. ಗೌರಮ್ಮ ಇನ್ನೂ ಜೋರಾಗಿ ಚೀರಿದಳು. ಗೋಡೆಯ ಕನ್ನಡಿಯತ್ತ ತಿರುಗಿದ ಸಿದ್ದಗಂಗಮ್ಮನಿಗೆ ಆಗ ಹೊಳೆಯಿತು. ಸತ್ತವರ ಬಾಯಿ ತೆರೆಯಬಾರದೆಂದು ಗದ್ದಕ್ಕೆ ಬಟ್ಟೆ ಕಟ್ಟಿ, ಗೋಡೆಗೆ ಒರಗಿಸಿ ಕೂರಿಸುವುದು ಹೀಗೆಯೇ. ತನ್ನ ಅತ್ತೆಗೂ ಗಂಡನಿಗೂ ಅವಳೇ ಕಟ್ಟಿದ್ದಳು. ಗಂಟಿಗೆ ಕೈ ಹಾಕಿದಳು, ಎಷ್ಟು ಎಳೆದರೂ ಅದು ಬಿಚ್ಚಿಕೊಳ್ಳಲೇ ಇಲ್ಲ. ಕಿರುಚಾಟ ಕೇಳಿ ಓಡಿಬಂದ ಬೋರಣ್ಣ ಬಟ್ಟೆ ಬಿಚ್ಚಿದ.

"ನಾಳೆ ಆಸ್ಪತ್ರೆಗೆ ನಡಿಯೋ ಬೋರ," ಅವಳು ಅವನ ಕೈ ಬಿಡಲಿಲ್ಲ. "ಸೊಟ್ಟ ಮುಖ ಆದ್ರೆ ಆಗ್ಲಿ ಕಣ್ಲಾ. ಈ ಹೆಣದ ಮುಖ ಬ್ಯಾಡ."